ಒಂದು ಪದ ಹೊಡೆದು ಹಾಕಿದರೆ ವಾಕ್ಯ ಸರಿಯಾಯಿತೇ?

'ಪ್ಲೀಸ್ ರಿಟರ್ನ್ ಬ್ಯಾಕ್ ಮೈ ಬುಕ್.' ಈ ವಾಕ್ಯವನ್ನು ತಿದ್ದಿ ಬರೆಯಿರಿ ಎಂಬುದು ಒಂದು ಅಂಕದ ಪ್ರಶ್ನೆ. ಕೀ ಉತ್ತರದಲ್ಲಿರುವುದು 'ಪ್ಲೀಸ್ ರಿಟರ್ನ್ ಮೈ ಬುಕ್'. 'ರಿಟರ್ನ್' ಎಂಬ ಪದದಲ್ಲೇ 'ಹಿಂದಕ್ಕೆ' ಎಂಬ ಅರ್ಥ ಅಡಗಿದೆ, ಹಾಗಾಗಿ 'ಬ್ಯಾಕ್' ಹೆಚ್ಚಾಯಿತು, ಅದನ್ನು ತೆಗೆಯಬೇಕು. ಸರಿ. ನಮ್ಮ ಓಣಿಯ ಹುಡುಗಿಯೊಬ್ಬಳು, ಬೇರೆ ಊರಿನಲ್ಲಿ ಪ್ರಥಮ ಪಿಯುಸಿ ಓದುವವಳು, 'ಪ್ಲೀಸ್ ಗಿವ್ ಮೈ ಬುಕ್ ಬ್ಯಾಕ್' ಎಂದು ಬರೆದಿದ್ದಳು. ಅವಳು 'ಬ್ಯಾಕ್' ಇಟ್ಟುಕೊಂಡು 'ರಿಟರ್ನ್' ಬಿಟ್ಟಳು. ಪುನರುಕ್ತಿ ಹೋಯಿತು, ವ್ಯಾಕರಣ ಕೆಡಲಿಲ್ಲ, ಮಾತೂ ಸಹಜವಾಯಿತು. ಸಿಕ್ಕಿದ್ದು ಸೊನ್ನೆ. ಕಾರಣ ಕೇಳಿದರೆ 'ಕೀ ಉತ್ತರದಲ್ಲಿ ಹಾಗಿಲ್ಲ' ಎಂದರಂತೆ.

ಸ್ನೇಹಿತರ ನಡುವೆ ಪುಸ್ತಕ ಕೇಳುವಾಗ ಇಂಗ್ಲಿಷ್ ಮನೆಮಾತಿನವರು ಹೆಚ್ಚಾಗಿ ಹೇಳುವುದು ಅವಳು ಬರೆದ ವಾಕ್ಯವನ್ನೇ. 'ಪ್ಲೀಸ್ ರಿಟರ್ನ್ ಮೈ ಬುಕ್' ತಪ್ಪಲ್ಲ, ಆದರೆ ಅದರಲ್ಲಿ ಗ್ರಂಥಾಲಯದ ನೋಟೀಸಿನ ಬಿಗುವಿದೆ. ಅಂದರೆ ಅಂಕ ಬಂದ ಉತ್ತರಕ್ಕಿಂತ ಸೊನ್ನೆ ಬಂದ ಉತ್ತರ ಒಳ್ಳೆಯ ಇಂಗ್ಲಿಷ್ ಆಗಿತ್ತು. ಇಂಗ್ಲಿಷ್ ಕಲಿಸುವವರಲ್ಲಿ ಒಬ್ಬನಾಗಿ ನನ್ನನ್ನು ಕಾಡುವುದು ಹೋದ ಆ ಒಂದು ಅಂಕವಲ್ಲ. ಮುಂದಿನ ಸಲ ಅವಳು ತನ್ನ ಕಿವಿಯನ್ನು ನಂಬುವುದಿಲ್ಲ, ಗೈಡನ್ನು ನಂಬುತ್ತಾಳೆ. ಭಾಷೆ ಕಲಿಯುವವರಿಗೆ ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿಲ್ಲ.

'ವಾಕ್ಯ ತಿದ್ದಿ' ಎಂಬ ಪ್ರಶ್ನೆಯನ್ನು ತೆಗೆದುಹಾಕಿ ಎಂದು ನಾನು ಹೇಳುತ್ತಿಲ್ಲ. ಅದು ಒಳ್ಳೆಯ ಪ್ರಶ್ನೆ. ಆದರೆ ನಾವು ಅದನ್ನು 'ಹೆಚ್ಚಿನ ಪದ ಹುಡುಕಿ ಹೊಡೆದು ಹಾಕಿ' ಎಂಬ ಆಟ ಮಾಡಿಬಿಟ್ಟಿದ್ದೇವೆ. ಹೊಡೆದು ಹಾಕಿದ ಮೇಲೆ ಉಳಿದ ವಾಕ್ಯ ಹೇಗಿದೆ ಎಂದು ಕೇಳಿದವರು ಯಾರೂ ಇಲ್ಲ.

ಒಂದು ಉದಾಹರಣೆ ನೋಡಿ. 'ವಾಟ್ ಈಸ್ ಯುವರ್ ಗುಡ್ ನೇಮ್?' ಮಾರುಕಟ್ಟೆಯ ಯಾವ ಗೈಡ್ ತೆಗೆದರೂ ಇದು ಸಿಗುತ್ತದೆ. ಉತ್ತರ: 'ಗುಡ್' ತೆಗೆಯಿರಿ. ತೆಗೆದರೆ ಉಳಿಯುವುದು 'ವಾಟ್ ಈಸ್ ಯುವರ್ ನೇಮ್?' ವ್ಯಾಕರಣಕ್ಕೆ ಸರಿ. ಆದರೆ ನಮ್ಮ ಹುಡುಗ ಆ 'ಗುಡ್' ಹಾಕಿದ್ದು ಸುಮ್ಮನೆ ಅಲ್ಲ. ಮನೆಯ ಉರ್ದುವಿನಲ್ಲಿ ಹಿರಿಯರ ಹೆಸರು ಕೇಳುವಾಗ 'ಇಸ್ಮೆ ಶರೀಫ್' ಎನ್ನುವುದನ್ನು ಅವನು ಕೇಳಿದ್ದಾನೆ. ಕನ್ನಡದಲ್ಲಿ 'ತಮ್ಮ ಹೆಸರು?' ಎನ್ನುತ್ತೇವೆ, 'ನಿನ್ನ ಹೆಸರೇನು?' ಎನ್ನುವುದಿಲ್ಲ. ಆ ಗೌರವವನ್ನು ಇಂಗ್ಲಿಷಿನಲ್ಲಿ ಎಲ್ಲಿ ಇಡಬೇಕೆಂದು ತಿಳಿಯದೆ 'ಗುಡ್' ಎಂಬಲ್ಲಿ ಇಟ್ಟಿದ್ದಾನೆ. ನಾವು ಪದವನ್ನು ಹೊಡೆದು ಹಾಕಿದಾಗ ಅವನ ಗೌರವವನ್ನೂ ಹೊಡೆದು ಹಾಕಿದೆವು. ಸಂದರ್ಶನಕ್ಕೆ ಬಂದ ಹಿರಿಯ ಅಧಿಕಾರಿಗೆ 'ವಾಟ್ ಈಸ್ ಯುವರ್ ನೇಮ್?' ಎಂದು ಕೇಳಿದರೆ ವ್ಯಾಕರಣದ ಅಂಕ ಬರಬಹುದು, ಎದುರಿನವರ ಹುಬ್ಬೂ ಗಂಟಾಗಬಹುದು. ಇಂಗ್ಲಿಷಿನಲ್ಲಿ ಆ ಗೌರವಕ್ಕೆ ಬೇರೆ ಜಾಗವಿದೆ: 'ಮೇ ಐ ನೋ ಯುವರ್ ನೇಮ್, ಪ್ಲೀಸ್?' ಅದೇ ನಿಜವಾದ ತಿದ್ದುಪಡಿ. ಗೈಡಿನದು ಬರೀ ಕತ್ತರಿ ಕೆಲಸ.

'ಕಸಿನ್ ಬ್ರದರ್' ಕತೆಯೂ ಹೀಗೆಯೇ. ಇದನ್ನು ಎಲ್ಲ ಪುಸ್ತಕಗಳೂ ಪುನರುಕ್ತಿ ಎಂಬ ತಲೆಬರಹದ ಕೆಳಗೆ ಹಾಕುತ್ತವೆ. ಇದು ಪುನರುಕ್ತಿಯೇ ಅಲ್ಲ. ಒಂದು ಪದ ಹೊಸದೇನನ್ನೂ ಹೇಳದಿದ್ದರೆ ಅದು ಪುನರುಕ್ತಿ. 'ಕಸಿನ್' ಎಂದಷ್ಟೇ ಹೇಳಿದರೆ ಗಂಡೋ ಹೆಣ್ಣೋ ಗೊತ್ತಾಗುವುದಿಲ್ಲ. 'ಬ್ರದರ್' ಸೇರಿಸಿದರೆ ಗೊತ್ತಾಗುತ್ತದೆ. ಅಂದರೆ ಆ ಪದಕ್ಕೆ ಕೆಲಸವಿದೆ. ಉರ್ದು ಮನೆಗಳಲ್ಲಿ ಚಚಾಜಾದ್ ಭಾಯಿ, ಖಾಲಾಜಾದ್ ಭಾಯಿ, ಮಾಮೂಜಾದ್ ಭಾಯಿ ಎಂದು ಎಲ್ಲರೂ 'ಭಾಯಿ'ಗಳೇ. ಕನ್ನಡ ಮನೆಗಳಲ್ಲಿ ಚಿಕ್ಕಪ್ಪನ ಮಗ ತಮ್ಮನಾಗುತ್ತಾನೆ, ಸೋದರಮಾವನ ಮಗ ಆಗುವುದಿಲ್ಲ, ಅವನ ಸಂಬಂಧವೇ ಬೇರೆ. ಇಷ್ಟೆಲ್ಲ ನೆಂಟಸ್ತಿಕೆಯನ್ನು ಇಂಗ್ಲಿಷ್ 'ಕಸಿನ್' ಎಂಬ ಒಂದೇ ಚೀಲಕ್ಕೆ ತುಂಬುತ್ತದೆ. ಲಂಡನ್ನಿನವರು 'ಕಸಿನ್ ಬ್ರದರ್' ಎನ್ನುವುದಿಲ್ಲ, ಆದ್ದರಿಂದ ಪರೀಕ್ಷೆಯಲ್ಲಿ ಬರೆಯಬೇಡಿ ಎಂದು ಹೇಳಿದರೆ ನಾನು ಒಪ್ಪುತ್ತೇನೆ. ಅದು ರೂಢಿಯ ಮಾತು. ಹೆಚ್ಚಿನ ಪದ, ತರ್ಕವಿಲ್ಲದ ಮಾತು ಎಂದರೆ ಒಪ್ಪುವುದಿಲ್ಲ. ಮಗುವಿಗೆ ತಪ್ಪು ಕಾರಣ ಹೇಳಿ ಸರಿ ಉತ್ತರ ಬರೆಸುವುದೂ ಒಂದು ಬಗೆಯ ತಪ್ಪೇ.

ಇನ್ನು ಪುನರುಕ್ತಿ ಎಂದರೆ ಯಾವಾಗಲೂ ದೋಷ ಎಂಬ ನಂಬಿಕೆ. ಇದನ್ನು ಮೊದಲು ನಮ್ಮ ನಾಲಿಗೆಯ ಮೇಲೇ ಪರೀಕ್ಷಿಸೋಣ. 'ಪಿಯುಸಿ ಕೋರ್ಸ್' ಎನ್ನುತ್ತೇವೆ. 'ಸಿ' ಎಂದರೇ ಕೋರ್ಸ್. 'ಸಿಇಟಿ ಟೆಸ್ಟ್' ಎನ್ನುತ್ತೇವೆ. ಕೊನೆಯ 'ಟಿ' ಎಂದರೇ ಟೆಸ್ಟ್. ಬ್ಯಾಂಕಿನಲ್ಲಿ 'ಎಟಿಎಂ ಮಷೀನ್', ಅದಕ್ಕೊಂದು 'ಪಿನ್ ನಂಬರ್'. ರಮಜಾನಿನಲ್ಲಿ 'ಶಬೆ ಖದರ್ ಕೀ ರಾತ್' ಎನ್ನುತ್ತೇವೆ. ಫಾರಸಿಯಲ್ಲಿ 'ಶಬ್' ಎಂದರೇ ರಾತ್ರಿ. ಹಜ್‌ನಿಂದ ಬಂದವರು 'ಆಬೆ ಝಮ್‌ಝಮ್ ಕಾ ಪಾನಿ' ಕೊಡುತ್ತಾರೆ. 'ಆಬ್' ಎಂದರೂ ನೀರು, 'ಪಾನಿ' ಎಂದರೂ ನೀರು. ಅಮೃತಶಿಲೆಗೆ 'ಸಂಗೆ ಮರಮರ್ ಕಾ ಪತ್ಥರ್', ಅಲ್ಲಿ ಕಲ್ಲು ಎರಡು ಸಲ. ಕನ್ನಡಿಗರು ದಾರಿಯ 'ನಡುಮಧ್ಯೆ' ನಿಲ್ಲುತ್ತಾರೆ, ತಹಶೀಲ್ದಾರ ಕಚೇರಿಗೆ 'ಕಾಗದಪತ್ರ' ಹಿಡಿದು ಹೋಗುತ್ತಾರೆ.

ಹೀಗೇಕೆ ಆಗುತ್ತದೆ? ಇನ್ನೊಂದು ಭಾಷೆಯ ಪದವನ್ನೋ ಅಕ್ಷರಗಳ ಗುಂಪನ್ನೋ ನಾವು ಎರವಲು ತಂದಾಗ ಅದರ ಒಳಗಿನ ಅರ್ಥ ನಮಗೆ ಕಾಣುವುದಿಲ್ಲ. ಅದು ಮುಚ್ಚಿದ ಡಬ್ಬಿ. ಡಬ್ಬಿಯ ಮೇಲೆ ನಮ್ಮ ಭಾಷೆಯ ಒಂದು ಚೀಟಿ ಅಂಟಿಸುತ್ತೇವೆ. 'ಪಾನಿ', 'ರಾತ್', 'ಟೆಸ್ಟ್' ಇವೆಲ್ಲ ಅಂಥ ಚೀಟಿಗಳು. 'ರಿಟರ್ನ್ ಬ್ಯಾಕ್' ಕೂಡ ಅಷ್ಟೇ. 'ರಿ' ಎಂಬ ತುಣುಕಿನಲ್ಲಿ 'ಹಿಂದಕ್ಕೆ' ಎಂಬ ಅರ್ಥವಿದೆ ಎಂದು ನಮ್ಮ ಮಕ್ಕಳ ಕಿವಿಗೆ ಕೇಳಿಸುವುದಿಲ್ಲ. ಕನ್ನಡದಲ್ಲಿ ನಾವು 'ಬಂದ' ಎನ್ನುವುದಕ್ಕೆ 'ವಾಪಸ್' ಸೇರಿಸಲೇಬೇಕು, 'ವಾಪಸ್ ಬಂದ' ಎಂದರೇ ಅರ್ಥ ಪೂರ್ತಿ. ಆ ಅಭ್ಯಾಸ 'ರಿಟರ್ನ್' ಬಳಿಯೂ ಬರುತ್ತದೆ. ಈ ಮಾತನ್ನು ತರಗತಿಯಲ್ಲಿ ಐದು ನಿಮಿಷ ವಿವರಿಸಿದರೆ 'ರಿಪೀಟ್ ಅಗೇನ್', 'ರಿವರ್ಟ್ ಬ್ಯಾಕ್' ಎಲ್ಲವೂ ಒಂದೇ ಏಟಿಗೆ ಬಿಡಿಸಿಕೊಳ್ಳುತ್ತವೆ. ಪಟ್ಟಿ ಬಾಯಿಪಾಠ ಮಾಡುವ ಅಗತ್ಯ ಬೀಳುವುದಿಲ್ಲ.

ಇಂಗ್ಲಿಷರೇನು ಇದರಿಂದ ಹೊರತಲ್ಲ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ನ್ಯಾಯಾಲಯಗಳಲ್ಲಿ ಫ್ರೆಂಚ್, ಲ್ಯಾಟಿನ್ ಮತ್ತು ಇಂಗ್ಲಿಷ್ ಮೂರೂ ಬೆರೆತವು. ಒಂದೇ ಅರ್ಥಕ್ಕೆ ಎರಡು ಭಾಷೆಯ ಪದಗಳನ್ನು ಜೋಡಿಸಿ ಬರೆಯುವುದು ರೂಢಿಯಾಯಿತು. ಮರಣಶಾಸನಕ್ಕೆ ಇವತ್ತಿಗೂ 'ವಿಲ್ ಅಂಡ್ ಟೆಸ್ಟಮೆಂಟ್' ಎನ್ನುತ್ತಾರೆ, ಒಂದು ಇಂಗ್ಲಿಷ್, ಇನ್ನೊಂದು ಲ್ಯಾಟಿನ್. ನಮ್ಮ 'ಕಾಗದಪತ್ರ' ಇದ್ದ ಹಾಗೆ. 'ಈಚ್ ಅಂಡ್ ಎವ್ರಿ', 'ಫಸ್ಟ್ ಅಂಡ್ ಫೋರ್‌ಮೋಸ್ಟ್', 'ಸೇಫ್ ಅಂಡ್ ಸೌಂಡ್' ಎಲ್ಲವೂ ನಡೆಯುತ್ತವೆ. 'ಐ ಸಾ ಇಟ್ ವಿತ್ ಮೈ ಓನ್ ಐಸ್' ಎನ್ನುತ್ತಾರೆ. ಬೇರೆಯವರ ಕಣ್ಣಿನಿಂದ ಯಾರಾದರೂ ನೋಡುತ್ತಾರೆಯೇ? ಆದರೂ ಅದು ಒಳ್ಳೆಯ ಇಂಗ್ಲಿಷ್, ನಮ್ಮ 'ಕಣ್ಣಾರೆ ಕಂಡೆ' ಒಳ್ಳೆಯ ಕನ್ನಡವಾದ ಹಾಗೆ. ಬ್ರಿಟನ್ನಿನ ಸರ್ಕಾರಿ ಅಧಿಕಾರಿಗಳ ಬರವಣಿಗೆಯಲ್ಲಿ ಪದಗಳ ಹೊರೆ ಹೆಚ್ಚಾಯಿತೆಂದು ಅಲ್ಲಿನ ಖಜಾನೆ ಇಲಾಖೆಯೇ ಅರ್ನೆಸ್ಟ್ ಗೋವರ್ಸ್ ಅವರಿಂದ 'ಪ್ಲೇನ್ ವರ್ಡ್ಸ್' ಎಂಬ ಪುಸ್ತಕ ಬರೆಸಿತು, 1948ರಲ್ಲಿ. ಅಂದರೆ ಹೆಚ್ಚಿನ ಪದದ ಕಾಯಿಲೆ ಬೈಲಹೊಂಗಲ, ಕಿತ್ತೂರು ಕಡೆಯದು ಮಾತ್ರ ಅಲ್ಲ.

ಹಾಗಾದರೆ ಯಾವ ಪುನರುಕ್ತಿ ಸರಿ, ಯಾವುದು ತಪ್ಪು? ತರ್ಕದಿಂದ ಹೇಳಲು ಬರುವುದಿಲ್ಲ. ಆ ಭಾಷೆಯ ಜನ ಹೇಗೆ ಆಡುತ್ತಾರೆ ಎಂಬುದೊಂದೇ ಅಳತೆಗೋಲು. ಇದು ನನ್ನ ಹೊಸ ಮಾತಲ್ಲ. ಒಂಬತ್ತನೆಯ ಶತಮಾನದ ನಡುವೆ ರಾಷ್ಟ್ರಕೂಟರ ಕಾಲದಲ್ಲಿ ಹುಟ್ಟಿದ 'ಕವಿರಾಜಮಾರ್ಗ' ಕನ್ನಡದ ತಿರುಳು ಎಲ್ಲಿದೆ ಎಂದು ಹೇಳುವಾಗ ಯಾವ ಸೂತ್ರವನ್ನೂ ಕೊಡದೆ ನಾಲ್ಕು ಊರುಗಳ ಹೆಸರು ಹೇಳುತ್ತದೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಈಗಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ, ಒಕ್ಕುಂದ. ಈ ಕೊನೆಯ ಒಕ್ಕುಂದ ನಮ್ಮ ಬೈಲಹೊಂಗಲ ತಾಲೂಕಿನದು, ನಮ್ಮೂರಿನ ಹಾಗೆಯೇ ಮಲಪ್ರಭೆಯ ದಂಡೆಯದು. ಊರಿನಿಂದ ಊರಿಗೆ ಬೇರೆಯಾಗುವ ಮಾತಿನ ರೀತಿಗೆ ಆ ಗ್ರಂಥ 'ದೇಸಿ' ಎನ್ನುತ್ತದೆ. ನಾವು ಇಂಗ್ಲಿಷಿನಲ್ಲಿ 'ಇಡಿಯಂ' ಎಂದು ಕಲಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಹೆಸರು ಬೇಕೇ? ಸಾವಿರದ ನೂರು ವರ್ಷಗಳ ಹಿಂದೆ ಭಾಷೆಯ ಅಳತೆಗೋಲಾಗಿದ್ದ ಸೀಮೆಯ ಮಕ್ಕಳಿಗೆ ದೇಸಿ ಎಂದರೇನು ಎಂದು ವಿವರಿಸುವುದು ಕಷ್ಟವಾಗಬಾರದು.

ಮನೆಯಿಂದ ಹೊರಡುವಾಗ ನಾವು 'ಬರ್ತೀನಿ' ಎನ್ನುತ್ತೇವೆ. ಹೊರಟಿರುವುದು ಹೋಗಲು, ಹೇಳುವುದು ಬರುತ್ತೇನೆ ಎಂದು. ಮನೆಯ ಉರ್ದುವಿನಲ್ಲೂ ಹಾಗೆಯೇ. ಕನ್ನಡ ಕಲಿಯುವ ಯಾರಾದರೂ ಹೊರಗಿನವರು ಇದನ್ನು ನೋಡಿ 'ಕ್ರಿಯಾಪದ ತಪ್ಪಾಗಿದೆ, ಹೋಗ್ತೀನಿ ಎಂದು ತಿದ್ದಿ' ಎಂಬ ಪ್ರಶ್ನೆ ತೆಗೆದರೆ ನಮ್ಮ ಅಜ್ಜಿಯರು ಬಾಗಿಲಲ್ಲೇ ನಿಲ್ಲಿಸಿ ಬೈಯುತ್ತಾರೆ. ವ್ಯಾಕರಣ ಒಂದಕ್ಷರವೂ ತಪ್ಪಿಲ್ಲ, ಆದರೆ ಮಾತು ಅಪಶಕುನ. ನಮ್ಮ ಗೈಡುಗಳ ಎಷ್ಟೋ 'ಸರಿ ಉತ್ತರ'ಗಳು ಇಂಗ್ಲಿಷಿನ ಬಾಗಿಲಲ್ಲಿ ನಿಂತು ಹೇಳಿದ ಇಂಥ 'ಹೋಗ್ತೀನಿ'ಗಳು. 'ದ ಟೀಚರ್ ಈಸ್ ಸಿಟ್ಟಿಂಗ್ ಆನ್ ದ ಚೇರ್ ಸಿನ್ಸ್ ಟೂ ಅವರ್ಸ್' ಎಂಬ ವಾಕ್ಯವನ್ನು 'ಹ್ಯಾಸ್ ಬೀನ್ ಸಿಟ್ಟಿಂಗ್' ಎಂದೂ 'ಫಾರ್ ಟೂ ಅವರ್ಸ್' ಎಂದೂ ತಿದ್ದಿಸುತ್ತೇವೆ. ತಿದ್ದಿದ್ದು ಸರಿ. ಆದರೆ ಎರಡು ತಾಸು ಕುರ್ಚಿ ಬಿಟ್ಟು ಏಳದ ಮಾಸ್ತರರ ಬಗ್ಗೆ ಯಾರು, ಯಾರಿಗೆ, ಏತಕ್ಕೆ ಹೇಳುತ್ತಿದ್ದಾರೆ? ಅದೇ ನಿಯಮಕ್ಕೆ 'ನಾವು ಒಂದು ತಾಸಿನಿಂದ ಕಿತ್ತೂರಿನ ಬಸ್ಸಿಗೆ ಕಾಯುತ್ತಿದ್ದೇವೆ' ಎಂಬುದನ್ನು ಕೊಟ್ಟರೆ ಎಲ್ಲರಿಗೂ ತಿಳಿಯುತ್ತದೆ, ಕಾಯ್ದವರೇ ಹೆಚ್ಚು.

ನಿಜವಾಗಿ ತಿದ್ದಬೇಕಾದ ವಾಕ್ಯಗಳಿಗೆ ದೂರ ಹೋಗಬೇಕಿಲ್ಲ. ಕಾಲೇಜುಗಳಿಗೆ ಬರುವ ರಜೆಯ ಅರ್ಜಿ ಸಾಮಾನ್ಯವಾಗಿ ಹೀಗಿರುತ್ತದೆ: 'ಆಸ್ ಐ ಆಮ್ ಸಫರಿಂಗ್ ಫ್ರಂ ಫೀವರ್, ಸೋ ಐ ರಿಕ್ವೆಸ್ಟ್ ಯು ಟು ಕೈಂಡ್ಲಿ ಪ್ಲೀಸ್ ಗ್ರಾಂಟ್ ಮಿ ಟೂ ಡೇಸ್ ಲೀವ್.' ಇದರಲ್ಲಿ 'ಆಸ್' ಬಂದ ಮೇಲೆ 'ಸೋ' ಬೇಡ. ಆದರೆ ಉರ್ದುವಿನಲ್ಲಿ 'ಚೂಂಕಿ' ಬಂದರೆ 'ಇಸ್‌ಲಿಯೇ' ಬರಲೇಬೇಕು, ಅದು ಜೋಡೆತ್ತು. 'ದೋ' ಜೊತೆ 'ಬಟ್' ಬರೆಯುವುದೂ ಇದೇ ಕಾರಣಕ್ಕೆ, ಅಲ್ಲಿ 'ಹಾಲಾಂಕಿ' ಬಂದರೆ 'ಲೇಕಿನ್' ಹಿಂದೆಯೇ ಬರುತ್ತದೆ. ಇಂಗ್ಲಿಷ್ ಗಾಡಿಗೆ ಒಂದೇ ಎತ್ತು ಸಾಕು ಎಂದು ಹೇಳಿಕೊಟ್ಟರೆ ಮಕ್ಕಳು ಮರೆಯುವುದಿಲ್ಲ. ಮುಂದೆ 'ರಿಕ್ವೆಸ್ಟ್', 'ಕೈಂಡ್ಲಿ', 'ಪ್ಲೀಸ್' ಮೂರೂ ಒಂದೇ ಕೆಲಸಕ್ಕೆ ನಿಂತಿವೆ. ಎರಡನ್ನು ಮನೆಗೆ ಕಳಿಸಬಹುದು. ನಮ್ಮ ಕನ್ನಡ ಅರ್ಜಿಗಳ 'ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ' ಇನ್ನೂ ಉದ್ದವಿದೆ, ಅದನ್ನು ಯಾರು ತಿದ್ದುತ್ತಾರೋ!

ಕೆಲವು ಸಹೋದ್ಯೋಗಿಗಳು ಹೇಳುವ ಆಕ್ಷೇಪವನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಅದರಲ್ಲಿ ತೂಕವಿದೆ. 'ನಮ್ಮ ಮಕ್ಕಳು ಸ್ಪರ್ಧಾತ್ಮಕ ಪರೀಕ್ಷೆ ಬರೆಯಬೇಕು. ಅಲ್ಲಿ ನಿಮ್ಮ ದೇಸಿ ಗೀಸಿ ಯಾರೂ ಕೇಳುವುದಿಲ್ಲ.' ನಿಜ. ದ್ವಿತೀಯ ಪಿಯುಸಿ ಮುಗಿಸಿದವರು ಬರೆಯಬಹುದಾದ ಎಸ್‌ಎಸ್‌ಸಿಯ ಸಿಎಚ್‌ಎಸ್‌ಎಲ್ ಪರೀಕ್ಷೆಯ ಮೊದಲ ಹಂತದಲ್ಲಿ ಇಂಗ್ಲಿಷಿನ 25 ಪ್ರಶ್ನೆಗಳಿಗೆ 50 ಅಂಕ, ಪ್ರತಿ ತಪ್ಪಿಗೆ ಅರ್ಧ ಅಂಕ ಕಡಿತ. ಎನ್‌ಡಿಎ ಲಿಖಿತ ಪರೀಕ್ಷೆಯ 900 ಅಂಕಗಳಲ್ಲಿ 200 ಇಂಗ್ಲಿಷಿಗೆ ಮೀಸಲು, 2021ರಿಂದ ಹುಡುಗಿಯರೂ ಅದನ್ನು ಬರೆಯುತ್ತಿದ್ದಾರೆ. ಬೆಳಗಾವಿ ಜಿಲ್ಲೆಯಿಂದ ಸೇನೆಗೆ ಹೋಗುವವರು ಕಡಿಮೆಯೇನಲ್ಲ, ಆದ್ದರಿಂದ ಇದನ್ನು ಲಘುವಾಗಿ ನೋಡಲಾಗದು. ಅಂಥ ಪರೀಕ್ಷೆಯಲ್ಲಿ 'ಪ್ರಿಪೋನ್' ತಪ್ಪು ಎಂದು ಬಯಸಿದರೆ ತಪ್ಪು ಎಂದೇ ಗುರುತು ಹಾಕಿ ಬನ್ನಿ, ಆಕ್ಸ್‌ಫರ್ಡ್ ನಿಘಂಟು ಅದನ್ನು ಭಾರತೀಯ ಇಂಗ್ಲಿಷ್ ಎಂದು ಒಳಗೆ ಸೇರಿಸಿಕೊಂಡಿದೆ ಎಂದು ಅಲ್ಲಿ ವಾದ ಮಾಡಲಾಗದು.

ಆದರೆ ಆ ಪರೀಕ್ಷೆಗಳನ್ನು ಯಂತ್ರ ತಿದ್ದುತ್ತದೆ. ಲಕ್ಷಾಂತರ ಜನ ಬರೆಯುವಾಗ ಒಂದೇ ಉತ್ತರ ಇರಬೇಕಾಗುತ್ತದೆ. ನಾಲ್ಕು ಆಯ್ಕೆ ಮುಂದೆಯೇ ಇರುವುದರಿಂದ ಅಲ್ಲಿ ಅನ್ಯಾಯವೂ ಕಡಿಮೆ. ನಮ್ಮ ಕಿರುಪರೀಕ್ಷೆಯ ಪತ್ರಿಕೆಗಳನ್ನು ತಿದ್ದುವವರು ಮನುಷ್ಯರು. ಮಗು ಖಾಲಿ ಜಾಗದಲ್ಲಿ ತಾನೇ ವಾಕ್ಯ ಕಟ್ಟಿ ಬರೆಯುತ್ತದೆ. ಓದುವ ಕಣ್ಣಿರುವಲ್ಲಿ ಯಂತ್ರದ ಹಾಗೆ ಹೊಂದಿಸಿ ನೋಡುವುದೇಕೆ? ಇನ್ನೊಂದು ಮಾತು, ಆ ಯಂತ್ರದ ಪರೀಕ್ಷೆಗಳಲ್ಲಿ ಎಸ್‌ಎಸ್‌ಸಿಯಂಥವೇ ತಾತ್ಕಾಲಿಕ ಕೀ ಉತ್ತರ ಪ್ರಕಟಿಸಿ ಆಕ್ಷೇಪಣೆ ಕರೆಯುತ್ತವೆ. ನಮ್ಮ ಸಿಇಟಿಯಲ್ಲೂ ಹಾಗೆಯೇ. ವಾರ್ಷಿಕ ಪರೀಕ್ಷೆ ಬರೆದವರು ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿ ಪಡೆದು ಮರುಮೌಲ್ಯಮಾಪನ ಕೇಳಬಹುದು. ಕೀ ಉತ್ತರವೂ ತಪ್ಪಾಗಬಹುದೆಂದು ರಾಷ್ಟ್ರಮಟ್ಟದ ಸಂಸ್ಥೆಗಳು ಒಪ್ಪಿಕೊಂಡಿವೆ. ನಾಲ್ಕು ಗೋಡೆಯೊಳಗಿನ 25 ಅಂಕದ ಪರೀಕ್ಷೆಯಲ್ಲಿ ಒಪ್ಪಿಕೊಳ್ಳಲು ನಮಗೇನು ಕಷ್ಟ?

ಇಂಗ್ಲಿಷ್ ವಿಭಾಗದ ಸಹೋದ್ಯೋಗಿಗಳ ಮುಂದೆ ನಾನು ಇಡುವ ಬೇಡಿಕೆ ಚಿಕ್ಕದು. ತಿದ್ದಲು ಕೊಡುವ ಪ್ರತಿ ವಾಕ್ಯವನ್ನೂ, ಅದರ ಕೀ ಉತ್ತರವನ್ನೂ ಒಮ್ಮೆ ಗಟ್ಟಿಯಾಗಿ ಓದಿ ನೋಡೋಣ. ಬದುಕಿರುವ ಯಾರೂ ಆಡದ ಮಾತಾದರೆ ಅದನ್ನು ಬಿಡೋಣ. ವಾಕ್ಯದ ಪಕ್ಕದಲ್ಲಿ ಯಾರು ಯಾರಿಗೆ ಹೇಳಿದ್ದು ಎಂದು ನಾಲ್ಕು ಪದ ಬರೆಯೋಣ, ಗ್ರಾಹಕ ಅಂಗಡಿಯವನಿಗೆ, ವಿದ್ಯಾರ್ಥಿ ಪ್ರಾಂಶುಪಾಲರಿಗೆ ಎಂದು. ಆಗ 'ಗುಡ್ ನೇಮ್' ತಿದ್ದುವವನಿಗೆ ಗೌರವ ಬೇಕೋ ಬೇಡವೋ ತಿಳಿಯುತ್ತದೆ. ಒಂದು ಅಂಕದ ಪ್ರಶ್ನೆಯನ್ನು ಎರಡು ಅಂಕದ್ದು ಮಾಡಿ, ಒಂದನ್ನು ತಿದ್ದಿದ್ದಕ್ಕೆ, ಇನ್ನೊಂದನ್ನು ಕಾರಣ ಹೇಳಿದ್ದಕ್ಕೆ ಕೊಡೋಣ. ಕಾರಣವನ್ನು ಕನ್ನಡದಲ್ಲಿ ಬರೆದರೂ ಉರ್ದುವಿನಲ್ಲಿ ಬರೆದರೂ ಅಂಕ ಕೊಡಬೇಕು. ಇಂಗ್ಲಿಷ್ ಪತ್ರಿಕೆಯಲ್ಲಿ ಕನ್ನಡವೇ ಎಂದು ಹುಬ್ಬೇರಿಸುವವರಿಗೆ ನನ್ನ ಉತ್ತರ ಇಷ್ಟೇ: ಆ ವಾಕ್ಯ ಕೆಟ್ಟಿದ್ದು ಕನ್ನಡದಲ್ಲಿ ಯೋಚಿಸಿದ್ದರಿಂದ, ಅದನ್ನು ಹಿಡಿಯಬೇಕಾದದ್ದೂ ಅಲ್ಲಿಯೇ. ಮತ್ತು ಪತ್ರಿಕೆ ಕೊಟ್ಟ ಮರುದಿನ ಒಂದು ಪೀರಿಯಡ್ ಆಕ್ಷೇಪಣೆಗೆ ಇರಲಿ. ಕೀ ಉತ್ತರಕ್ಕಿಂತ ಬೇರೆ ಉತ್ತರ ಬರೆದವರು ಎದ್ದು ನಿಂತು ತಮ್ಮ ವಾಕ್ಯವನ್ನು ಸಮರ್ಥಿಸಲಿ. ನಿಘಂಟು ಮೇಜಿನ ಮೇಲಿರಲಿ.

ವಿದ್ಯಾರ್ಥಿಗಳಿಗೂ ಒಂದು ಮಾತು. ಇದೆಲ್ಲ ಓದಿ 'ಸರಿ ತಪ್ಪು ಎಂಬುದೇ ಇಲ್ಲ' ಎಂದುಕೊಳ್ಳಬೇಡಿ. 'ಡಿಸ್ಕಸ್ ಅಬೌಟ್' ತಪ್ಪೇ, 'ಸೀನಿಯರ್ ದ್ಯಾನ್ ಮಿ' ತಪ್ಪೇ, 'ಮೋರ್ ಬೆಟರ್' ತಪ್ಪೇ. 'ಬಗ್ಗೆ ಚರ್ಚಿಸು' ಎಂಬ ಕನ್ನಡದ 'ಬಗ್ಗೆ' ಇಂಗ್ಲಿಷಿನ ಒಳಗೆ ನುಸುಳಿದ್ದು 'ಅಬೌಟ್' ಆಗಿ, ಅಷ್ಟನ್ನು ಹಿಡಿದರೆ ಸಾಕು. ಆದರೆ ತಿದ್ದಿದ ಮೇಲೆ ವಾಕ್ಯವನ್ನು ಒಮ್ಮೆ ಬಾಯಿಬಿಟ್ಟು ಹೇಳಿ. ಅದು ಕಿವಿಗೆ ಒಗ್ಗಬೇಕಾದರೆ ಕಿವಿಗೆ ಮೇವು ಬೇಕು. ಗ್ರಂಥಾಲಯಕ್ಕೆ ಬರುವ ಇಂಗ್ಲಿಷ್ ದಿನಪತ್ರಿಕೆಯನ್ನು ದಿನಕ್ಕೆ ಹತ್ತು ನಿಮಿಷ, ತಿಂಗಳುಗಟ್ಟಲೆ ಓದಿದರೆ ಪುನರುಕ್ತಿಗಳ ಪಟ್ಟಿಯನ್ನು ಬಾಯಿಪಾಠ ಮಾಡುವುದಕ್ಕಿಂತ ಹೆಚ್ಚು ದಕ್ಕುತ್ತದೆ.

ಇಂಗ್ಲಿಷ್ ವಿಭಾಗದ ಮೇಜಿನ ಮೇಲೆ ಒಂದು ಖಾಲಿ ಚಾಕ್‌ಪೀಸ್ ಡಬ್ಬಿ ಇಟ್ಟಿದ್ದೇನೆ. ಹೆದ್ದಾರಿಯ ಬೋರ್ಡುಗಳಲ್ಲಿ, ಮದುವೆ ಕರೆಯೋಲೆಗಳಲ್ಲಿ, ಬಸ್ಸಿನ ಹಿಂಬದಿಯಲ್ಲಿ, ನಮ್ಮದೇ ಕಾಲೇಜಿನ ನೋಟೀಸುಗಳಲ್ಲಿ ತಿದ್ದಬೇಕೆನಿಸುವ ಇಂಗ್ಲಿಷ್ ವಾಕ್ಯ ಕಂಡರೆ ಚೀಟಿಯಲ್ಲಿ ಬರೆದು ಹಾಕಿ. ಮುಂದಿನ ಕಿರುಪರೀಕ್ಷೆಗೆ ನಾನು ತೆಗೆಯುವ ಐದು ವಾಕ್ಯಗಳನ್ನು ಅದರಿಂದಲೇ ಆರಿಸುತ್ತೇನೆ. ರಜೆಯ ಅರ್ಜಿಗಳೂ ನಡೆಯುತ್ತವೆ, ಹೆಸರಿನ ಭಾಗ ಮಾತ್ರ ಹರಿದು ಕೊಡಿ.